ಮೇಷ್ಟ್ರಮ್ಮ ಮತ್ತು ಸಣ್ಣ ಲಿವರ್

ಆಕೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗಂಡ ಗ್ಯಾರೇಜಿನ ಮೆಕ್ಯಾನಿಕ್. ಸ್ಪ್ಯಾನರ್ ಕೇಳಿದವರಿಗೆ ಮೊದಲು ಪಾಠ, ಆಮೇಲೆ ಸ್ಪ್ಯಾನರ್ ಕೊಡುತ್ತಿದ್ದುದರಿಂದ ಬೆನ್ನ ಹಿಂದೆ ಅವರು ಗೇರ್ ಮೇಷ್ಟ್ರು, ಈಕೆ ಮೇಷ್ಟ್ರಮ್ಮ. ಮನೆಯಲ್ಲಿ ಕುಕ್ಕರ್ ಮುಚ್ಚುವುದಕ್ಕೂ ಮೇಷ್ಟ್ರದ್ದೊಂದು ಕ್ರಮವಿತ್ತು. ಏನೇ ಕೆಟ್ಟರೂ ತಪ್ಪು ಬೇರೆಯವರದೇ. ಮೂವತ್ತು ವರ್ಷ ಹೂಂಗುಟ್ಟಿ ಹೂಂಗುಟ್ಟಿ ಮೇಷ್ಟ್ರಮ್ಮ ಅರ್ಧ ಮೆಕ್ಯಾನಿಕ್ ಆಗಿದ್ದರು.

ಮಗಳು ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸು. ದಾರಿಯೇ ಇಲ್ಲದ ಮನೆಗಳಿಗೆ ಔಷಧದ ಚೀಲ ಹೊತ್ತು ನಡೆದು ಅವಳ ಮಂಡಿ ಸವೆದಿತ್ತು. ಅವಳಿಗೆಂದೇ ಮೇಷ್ಟ್ರು ಗುಜರಿಯಿಂದ ಒಂದು ಫೋರ್‌ವೀಲ್ ಜೀಪು ತಂದು, ಎರಡು ವರ್ಷ ಒದ್ದಾಡಿ ರಿಪೇರಿ ಮಾಡಿದರು. ಆದರೆ ಆಸ್ಪತ್ರೆಯವರೆಗೆ ಅದನ್ನು ಓಡಿಸಿಕೊಂಡು ಹೋಗಲು ಒಪ್ಪಲಿಲ್ಲ. ಮಗಳ ಕೈ ಸೇರುವ ಮುಂಚೆ ಹೊಸ ಗೇರ್‌ಬಾಕ್ಸ್ ಒಂದಿಷ್ಟೂ ಸವೆಯಬಾರದಂತೆ. ಗ್ಯಾರೇಜಿನ ಲಾರಿಯ ಹಿಂದೆ ಕಬ್ಬಿಣದ ದಂಡದಿಂದ ಜೋಡಿಸಿ, ನಾಲ್ಕೂ ಚಕ್ರ ನೆಲದ ಮೇಲೇ ಉರುಳುವಂತೆ ಎಳೆದುಕೊಂಡು, ಹೆಂಡತಿಯೊಡನೆ ಹೊರಟರು.

ದೊಡ್ಡ ಗೇರಿನ ಪಕ್ಕದ ಸಣ್ಣ ಲಿವರನ್ನು ಮೇಷ್ಟ್ರು ತಾವೇ ನ್ಯೂಟ್ರಲ್‌ಗೆ ತಂದಿದ್ದರು. ಹಾಗಿದ್ದರೆ ಚಕ್ರ ಮಾತ್ರ ತಿರುಗುತ್ತದೆ. ಇಲ್ಲದಿದ್ದರೆ ಎಂಜಿನ್ ಮಲಗಿರುವಾಗಲೇ ಗೇರ್‌ಬಾಕ್ಸೂ ತಿರುಗಿ, ಒಳಗೆ ಎಣ್ಣೆ ಹರಿಯದೆ ಸುಟ್ಟುಹೋಗುತ್ತದೆ. ಇಷ್ಟೆಲ್ಲ ಪಾಠ ಹೇಳುವ ಮನುಷ್ಯ ಇದೊಂದನ್ನು ಮಾತ್ರ ಹೆಂಡತಿಗೆ ಹೇಳಲಿಲ್ಲ. ಲಾರಿಯಲ್ಲಿ ಸುಮ್ಮನೆ ಕೂರುವವರಿಗೆ ಅದೆಲ್ಲ ಯಾಕೆ?

ಗುಡ್ಡದ ಬುಡದಲ್ಲಿ ಚಹಾಕ್ಕೆ ನಿಂತಾಗ ಮೇಷ್ಟ್ರಮ್ಮ ನೀರಿನ ಬಾಟಲಿಗೆಂದು ಜೀಪಿನ ಬಾಗಿಲು ತೆಗೆದರು. ಸಣ್ಣ ಲಿವರ್ ನ್ಯೂಟ್ರಲ್‌ನಲ್ಲಿದ್ದುದು ಕಂಡು ಗಾಬರಿಯಾದರು. ನಿಂತ ಜೀಪಿನಲ್ಲಿ ಅದನ್ನು ಹಾಗೆ ಬಿಟ್ಟರೆ ಗಾಡಿ ಉರುಳುತ್ತದೆ ಎಂದು ಎಷ್ಟು ಸಲ ಬೈಸಿಕೊಂಡಿಲ್ಲ? ಪಾಪ, ಮರೆತಿದ್ದಾರೆ. ಹೇಳಿದರೆ ರೇಗುತ್ತಾರೆ. ಮೆಲ್ಲಗೆ ಲಿವರನ್ನು ಮುಂದಕ್ಕೆ ತಳ್ಳಿ ಗೇರಿಗೆ ಹಾಕಿ, ಗಂಡನ ಮಾನ ಉಳಿಸಿದ ಸಮಾಧಾನದಲ್ಲಿ ಲಾರಿ ಹತ್ತಿದರು.

ಏರಿನಲ್ಲಿ ಲಾರಿ ಏದುಸಿರು ಬಿಟ್ಟಿತು. ಮೇಷ್ಟ್ರು ರಸ್ತೆ ಮಾಡಿದವರನ್ನು ಬೈದರು. ಆಸ್ಪತ್ರೆಯ ಅಂಗಳ ಸೇರುವಾಗ ಜೀಪಿನ ಅಡಿಯಿಂದ ಹೊಗೆ, ಸುಟ್ಟ ಎಣ್ಣೆಯ ನಾತ. ಮೇಷ್ಟ್ರು ಇಳಿದು ಓಡಿ, ಬಾಗಿಲು ತೆಗೆದು ಲಿವರ್ ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು.

"ನಿಂತಾಗ ನ್ಯೂಟ್ರಲ್‌ನಲ್ಲಿ ಬಿಡ್ಬಾರ್ದು ಅಂತ ನೀವೇ ಹೇಳಿದ್ರಲ್ಲ," ಎಂದರು ಮೇಷ್ಟ್ರಮ್ಮ ಪಿಸುದನಿಯಲ್ಲಿ. ಮಗಳ ಜೀಪನ್ನು ಕೈಯಾರೆ ಸುಟ್ಟೆನಲ್ಲ ಎಂದು ಕಣ್ಣು ತುಂಬಿಬಂತು.

ಅಷ್ಟರಲ್ಲಿ ಮಗಳು ಕುಂಟುತ್ತ ಓಡಿಬಂದಳು. ಹೊಗೆ ಕಂಡು ಮುಖ ಬಾಡಿತು. ಏನಾಯಿತೆಂದು ಕೇಳಿದಳು. ಇನ್ನು ಮಗಳೆದುರೇ ಮಂಗಳಾರತಿ ಎಂದು ಮೇಷ್ಟ್ರಮ್ಮ ತಲೆ ತಗ್ಗಿಸಿದರು. ಮೇಷ್ಟ್ರು ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ನಂದೇ ತಪ್ಪು ಕಣಮ್ಮ. ಲಿವರ್ ನ್ಯೂಟ್ರಲ್‌ಗೆ ಹಾಕೋದು ಮರೆತೆ."

ಮೇಷ್ಟ್ರಮ್ಮ ತಲೆಯೆತ್ತಿದರು. ಈ ಒಂದು ಮಾತಿಗಾಗಿ ಮೂವತ್ತು ವರ್ಷ ಕಾದಿದ್ದರು. ಕೊನೆಗೂ ಕಿವಿಗೆ ಬಿತ್ತು, ಗಂಡ ಮಾಡದೇ ಇದ್ದ ಒಂದೇ ಒಂದು ತಪ್ಪಿಗೆ.