ಎರವಲು ತಂದ ಲಂಗರು

ಕರಾವಳಿಯ ಮೀನುಗಾರರ ಮ್ಯೂಸಿಯಂ ನೋಡಲು ತ್ಯಾವಣಿಗೆಯಿಂದ ಸೋದರತ್ತೆಯನ್ನು ಕರೆದುಕೊಂಡು ಹೋಗಿದ್ದು ನನ್ನದೇ ತಪ್ಪು. ಬಲೆ, ಹುಟ್ಟು ಯಾವುದನ್ನೂ ಮೂಸಿಯೂ ನೋಡದ ಆಕೆ, ಮೂಲೆಯ ಕಬ್ಬಿಣದ ಲಂಗರು ಕಂಡಿದ್ದೇ ತಡ, "ಅಯ್ಯೋ, ಪಾತಾಳಗರಡಿ!" ಎಂದು ಕೂಗಿದಳು.

ಪಾತಾಳಗರಡಿ ಅಂದರೆ ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ, ಅತ್ತೆಯ ಮನೆಯಲ್ಲಿ. ಯಾರೇ ಕೇಳಿ ಬರಲಿ, ಒಂದು ತಂಬಿಗೆಯನ್ನಾದರೂ ಅಡ ಇಟ್ಟೇ ಒಯ್ಯಬೇಕು.

"ಇದು ಲಂಗರು ಅಮ್ಮ, ದೋಣಿ ನಿಲ್ಲಿಸ್ಲಿಕ್ಕೆ," ಎಂದರು ಮ್ಯೂಸಿಯಂ ನೋಡಿಕೊಳ್ಳುವ ಹಿರಿಯರು.

"ನನಗೇ ಹೇಳಾಕೆ ಬರ್ತೀರೇನ್ರೀ? ಇಷ್ಟು ದೊಡ್ಡದು ಐತೆ ಅಂದ್ರೆ ಸಮುದ್ರಕ್ಕೆ ಎಂಥಾ ಹಂಡೆ ಬಿದ್ದಿರಬೇಕು!"

ಮಾನ ಹೋಗುತ್ತಿತ್ತು. ಮಾತು ತಪ್ಪಿಸಲು ನಾನು ಪಕ್ಕದ ಫಲಕವನ್ನು ಜೋರಾಗಿ ಓದಿದೆ. ಲಂಗರನ್ನು ಊರಿನ ಒಂದು ಮನೆಯಿಂದ ಎರವಲು ತಂದಿದ್ದಾರೆ ಎಂದಿತ್ತು. ಓದಬಾರದಿತ್ತು.

"ಎರವಲಾ? ಏನು ಅಡ ಇಟ್ಟೀರಿ?"

"ಏನೂ ಇಲ್ಲಮ್ಮ. ನಂಬಿಕೆ ಮೇಲೆ ಕೊಟ್ಟದ್ದು."

"ನಂಬಿಕೆ!" ಅತ್ತೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

ಹೋದ ಬೇಸಿಗೆಯಲ್ಲಿ ಆಕೆಯ ಪಾತಾಳಗರಡಿ ಒಯ್ದವನು ನಾನು. ತಮ್ಮನ ಮಗ ಅಂತ ಅಡ ಕೇಳಿರಲಿಲ್ಲ. ನಾನು ಹಗ್ಗಕ್ಕೆ ಕಟ್ಟಿದ ಗಂಟು ಬಿಚ್ಚಿಕೊಂಡು ಅದೂ ಹೋಗಿ ನಮ್ಮ ಬಾವಿಯ ತಳದಲ್ಲಿ ಕೊಡದ ಪಕ್ಕ ಕೂತಿತ್ತು.

"ಇವನ ಬಾವಿಯಾಗೂ ಒಂದು ಮ್ಯೂಸಿಯಂ ಐತ್ರೀ," ಎಂದಳು ಅತ್ತೆ ಆ ಹಿರಿಯರಿಗೆ. "ನೋಡಾಕೆ ಮಾತ್ರ ಮುಳುಗಬೇಕು."