ಚೌಳು ಮಣ್ಣಿನ ತೊಟ್ಟಿ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಹೆಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಆದರೆ ಮಣ್ಣಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಕಡಬದ ಸುತ್ತಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿತ್ತು. ನನ್ನ ಮೈದುನನಿಗೆ ದನದ ಡಾಕ್ಟರ ಕೈಕೆಳಗೆ ಕೆಲಸ ಸಿಕ್ಕಿ, ಘಟ್ಟದ ಮೇಲೆ ಚಿತ್ರದುರ್ಗದಿಂದಲೂ ಆಚೆ ಹಾಕಿದ್ದರು. ದನ ಮೇಯಿಸಲೆಂದೇ ಬಿಟ್ಟ ಬೋಳು ಬಯಲಂತೆ, ಅಲ್ಲಿಯವರು ಕಾವಲು ಎನ್ನುತ್ತಾರಂತೆ. ಎರಡು ವರ್ಷ ಅಲ್ಲಿದ್ದವನು ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ವರ್ಗ ಮಾಡಿಸಿಕೊಂಡು ಊರಿಗೆ ಬಂದ. ಅವಳ ಜೊತೆ ಒಂದು ಟ್ರಂಕು, ಎರಡು ಗೋಣಿ. ಗುಂಡ್ಯದಲ್ಲಿ ಬಸ್ಸು ಬದಲಾಯಿಸುವಾಗ ಆ ಗೋಣಿ ಇಳಿಸಿ ಹತ್ತಿಸುವುದರಲ್ಲಿ ಮೈದುನನ ಸೊಂಟ ಹೋಗಿತ್ತು. ಜೋಳವೋ ಕಡಲೆಯೋ ಇರಬೇಕೆಂದು ನಾವು ಆಸೆಯಿಂದ ಬಿಚ್ಚಿದರೆ ಮಣ್ಣು!

"ಇದೆಂತ ಮಾರಾಯ್ತಿ?" ಎಂದರು ಅತ್ತೆ.

"ಚೌಳು ಮಣ್ಣು ಅತ್ತೆ. ಮಳೆ ಸೀಮೆಗೆ ಹೋಗ್ತಿದ್ದೀಯ, ಮಾಳಿಗೆ ಸೋರಿದ್ರೆ ಮ್ಯಾಲೆ ಹಾಕ್ಕೋ ಅಂತ ನಮ್ಮವ್ವ ಕಟ್ಟಿಕೊಟ್ಲು."

ಅವರ ಕಡೆ ಮನೆಗಳಿಗೆ ಇಳಿಜಾರಿನ ಮಾಡು ಇಲ್ಲ. ಚಪ್ಪಟೆ ಮಾಳಿಗೆಯ ಮೇಲೆ ಈ ಮಣ್ಣನ್ನೇ ಹರಡುತ್ತಾರಂತೆ. ನಮ್ಮದು ಮುಳಿಹುಲ್ಲಿನ ಮಾಡು, ನಿಂತರೆ ಜಾರುವಷ್ಟು ಇಳಿಜಾರು. ಅವಳು ಅಂಗಳದಲ್ಲಿ ನಿಂತು ಮಾಡನ್ನು ನೋಡಿದಳು, ಗೋಣಿಯನ್ನು ನೋಡಿದಳು, ಮುಖ ಸಣ್ಣದು ಮಾಡಿಕೊಂಡಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಗೋಣಿಗಳು ದನದ ಹಟ್ಟಿಯ ಮೂಲೆ ಸೇರಿದವು.

ನಾನು ಆ ಮನೆಗೆ ದೊಡ್ಡ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಹಟ್ಟಿಯ ಹಿಂದೆ ದನಗಳಿಗೆ ನೀರು ಕುಡಿಯಲು ಮುರಕಲ್ಲಿನ ಒಂದು ತೊಟ್ಟಿ ಇತ್ತು. ನಮ್ಮ ಮುರಕಲ್ಲು ಗೊತ್ತಲ್ಲ, ಮೈತುಂಬ ತೂತು. ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನಕ್ಕೆ ಅರ್ಧ, ಸಂಜೆಗೆ ತಳದ ಕೆಸರು. ಬೇಸಿಗೆಯಲ್ಲಿ ದಿನಕ್ಕೆ ನಲವತ್ತು ಕೊಡ ಸೇದುತ್ತಿದ್ದೆ. ಅಂಗೈ ಗಟ್ಟಿಯಾಗಿ ಹೋಗಿತ್ತು. ಮನೆಗೆ ಯಾರೇ ಬರಲಿ, ಅತ್ತೆ ಬೆಲ್ಲ ನೀರು ಕೊಟ್ಟು ಕೂರಿಸಿ, "ನಮ್ಮ ದೊಡ್ಡ ಸೊಸೆ ಒಬ್ಬಳೇ ನಲವತ್ತು ಕೊಡ ಸೇದುದು" ಎನ್ನುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಬೇರೆ ಚಿನ್ನ ಇರಲಿಲ್ಲ.

ಬಂದ ಮೂರನೇ ತಿಂಗಳಲ್ಲಿ ಅವಳು ನನ್ನ ಚಿನ್ನಕ್ಕೆ ಕೈ ಹಾಕಿದಳು. ಒಂದು ದಿನ ತೊಟ್ಟಿ ಖಾಲಿ ಮಾಡಿ, ಗೋಣಿಯ ಮಣ್ಣು ಸುರಿದು ನೀರು ಬಿಟ್ಟು ತುಳಿಯತೊಡಗಿದಳು. ಬೂದಿಬಣ್ಣದ ಹೆಂಟೆ, ಮೇಲೆ ಉಪ್ಪು ಎರಚಿದ ಹಾಗೆ ಬಿಳಿ. ಒಣಗಿದ್ದಾಗ ಪಿಕ್ಕಾಸಿಗೂ ಬಗ್ಗದ ಅದು, ನೆನೆದ ಮೇಲೆ ಸಾಬೂನಿನ ಹಾಗೆ ಜಾರಿತು, ಕಾಲಿಗೆ ಅಂಟಿದರೆ ಬಿಡಲೊಲ್ಲದು. ತಳಕ್ಕೂ ಗೋಡೆಗೂ ನಾಲ್ಕು ಬೆರಳು ದಪ್ಪ ಮೆತ್ತಿ ನೀರು ತುಂಬಿಸಿದಳು.

"ನೀರು ಕುಡಿದ್ರೆ ಉಬ್ಬುತೈತೆ ಅಕ್ಕ, ಒಂದು ಹನಿ ಆಚೆ ಬಿಡಾಕಿಲ್ಲ. ಒಣಗಾಕೆ ಮಾತ್ರ ಬಿಡಬಾರ್ದು, ಬಾಯಿ ಬಿಡುತೈತೆ" ಎಂದಳು.

ಮರುದಿನ ಬೆಳಿಗ್ಗೆ ಓಡಿಹೋಗಿ ನೋಡಿದೆ. ಸೋರಿರಬೇಕು ದೇವರೇ ಎಂದುಕೊಂಡೇ ಓಡಿದ್ದು. ನೀರು ಇಟ್ಟಲ್ಲೇ ಇತ್ತು. ದನಗಳು ಕುಡಿದದ್ದಲ್ಲದೆ ಅಂಚಿನ ಮಣ್ಣನ್ನು ರುಚಿ ಹಿಡಿದು ನೆಕ್ಕುತ್ತಿದ್ದವು. ನನ್ನನ್ನು ಬಿಟ್ಟು ಬೇರೆಯವರಿಗೆ ಹಾಲು ಕೊಡದ ಕಪ್ಪು ದನವೂ ನೆಕ್ಕುತ್ತಿತ್ತು, ದರಿದ್ರದ್ದು!

ಹದಿನೈದು ಕೊಡ ಸಾಕಾಯಿತು. ಅತ್ತೆಯ ಬಾಯಲ್ಲಿ ಮಾತು ತಿರುಗಿತು. ಬಂದವರನ್ನೆಲ್ಲ ಹಟ್ಟಿಯ ಹಿಂದೆ ಕರೆದುಕೊಂಡು ಹೋಗಿ, "ನಮ್ಮ ಸಣ್ಣವಳ ಬುದ್ಧಿ ನೋಡಿ ಮಾರಾಯ್ರೆ" ಎನ್ನತೊಡಗಿದರು. ಎಂಟು ವರ್ಷ ಸೇದಿದವಳಿಗೆ ಬುದ್ಧಿ ಇರಲಿಲ್ಲ ಎಂದೇ ಅದರ ಅರ್ಥ ಅಲ್ಲವೇ? ಕೆಲಸ ಕಡಿಮೆಯಾಯಿತೆಂದು ಖುಷಿಪಡಬೇಕಾದವಳು ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಹೊಗೆ ಎಂದೆ.

ಅಷ್ಟು ಒಳ್ಳೆಯ ಮಣ್ಣಾದರೆ ನನಗೂ ಇರಲಿ ಎಂದು ಉಳಿದದ್ದನ್ನು ಒಂದು ಬುಟ್ಟಿ ಕದ್ದು ನನ್ನ ಬಸಳೆಯ ಬುಡಕ್ಕೆ ಹಾಕಿದೆ. ತಿಂಗಳಲ್ಲಿ ಬಸಳೆ ಹಳದಿಯಾಗಿ ಸೊರಗಿತು. ಅವರ ಕಾವಲಿನಲ್ಲಿ ಜಾಲಿಗಿಡ, ಒರಟು ಹುಲ್ಲು ಬಿಟ್ಟರೆ ಏನೂ ಏಳುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ. ಕದ್ದದ್ದನ್ನು ಯಾರ ಹತ್ತಿರ ಹೇಳಿ ಅಳುವುದು?

ಬೇಸಿಗೆ ಬಂತು. ಮಂಡೆಕೋಲಿನಲ್ಲಿ ಅತ್ತೆಯ ತವರಿನ ಕಡೆಯ ಮದುವೆ. ಮನೆಯವರೆಲ್ಲ ಹೊರಟರು. ದನ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ನನ್ನನ್ನು ಬಿಟ್ಟರು. ಸಣ್ಣವಳನ್ನು ನೆಂಟರಿಗೆ ತೋರಿಸಬೇಕಂತೆ. ಅವರು ಗದ್ದೆಯ ಬದು ದಾಟಿ ಮರೆಯಾಗುವ ತನಕ ನಿಂತು ನೋಡಿದೆ. ಆಮೇಲೆ ನೇರ ಹೋಗಿ ತೊಟ್ಟಿಯ ಬುಡದಲ್ಲಿ ನೀರು ಹೊರಬಿಡುವ ತೂತಿಗೆ ತುರುಕಿದ್ದ ತೆಂಗಿನ ಸಿಪ್ಪೆ ಕಿತ್ತೆ. ನಾಲ್ಕು ದಿನ ದನಗಳನ್ನು ದೂರದ ತೋಡಿಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿದೆ.

ಎರಡನೇ ದಿನ ಕೂದಲಿನಂತಹ ಗೆರೆಗಳು ಬಿದ್ದವು. ನಾಲ್ಕನೇ ದಿನ ನನ್ನ ಕಿರುಬೆರಳು ಇಳಿಯುವಷ್ಟು ಬಿರುಕು, ತಳದಿಂದ ಅಂಚಿನವರೆಗೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಹೊತ್ತಿಗೆ ಹೆದರಿಕೆಯೂ ಆಯಿತು.

ಎಲ್ಲರಿಗಿಂತ ಮೊದಲು ಬಂದವಳು ಅವಳೇ, ಅತ್ತೆ ದಾರಿಯಲ್ಲಿ ಪಕ್ಕದ ಮನೆಯಲ್ಲಿ ಮಾತಾಡುತ್ತ ಕೂತಿದ್ದರು. ಅವಳು ಹಟ್ಟಿಯ ಹಿಂದೆ ಹೋದಳು. ನಾನು ಬೈಗುಳಕ್ಕೆ ಉತ್ತರ ಕಟ್ಟಿಕೊಂಡು ಹಿಂದೆಯೇ ಹೋದೆ. ಅವಳು ತೊಟ್ಟಿಯೊಳಗೆ ಕೂತು ಬಿರುಕಿನ ಮೇಲೆ ಬೆರಳು ಆಡಿಸುತ್ತಿದ್ದಳು. ಕಣ್ಣು ತುಂಬಿತ್ತು.

"ನಮ್ಮ ಕಾವಲು ಬ್ಯಾಸಿಗ್ಯಾಗೆ ಹಿಂಗೇ ಇರ್ತೈತೆ ಅಕ್ಕ. ಚಿಕ್ಕೋರಿದ್ದಾಗ ಬಿರುಕಿನಾಗೆ ಕಲ್ಲು ಬಿಟ್ಟು ಆಡ್ತಿದ್ವಿ" ಎಂದಳು.

"ಹಾಳಾಯಿತಲ್ಲ" ಎಂದೆ, ನನ್ನ ಕೈವಾಡವೇ ಅಲ್ಲವೆನ್ನುವ ಹಾಗೆ.

"ಹಾಳಾಗಾಕಿಲ್ಲ. ನೀರು ಬಿಡಾನ, ತಾನೇ ಮುಚ್ಚಿಕೊಂತೈತೆ."

ನಾನು ಸೇದಿದೆ, ಅವಳು ಹೊತ್ತು ಸುರಿದಳು. ಮರುದಿನಕ್ಕೆ ಬಿರುಕು ಇದ್ದ ಜಾಗವೇ ಗೊತ್ತಾಗಲಿಲ್ಲ. ಆದರೆ ಹಿಂದಿನ ಸಂಜೆ ಬಂದ ಅತ್ತೆ, ಇನ್ನೂ ಮುಚ್ಚದ ಬಿರುಕು ಕಂಡು, "ತೊಟ್ಟಿ ಖಾಲಿ ಮಾಡಿದ್ದು ಯಾರು?" ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಹೋಗೋವಾಗ ನಾನೇ ಸಿಪ್ಪೆ ಸರಿ ಇಕ್ಕಿರಲಿಲ್ಲ ಅತ್ತೆ" ಎಂದಳು. "ಹೋಗ್ಲಿ ಬಿಡು ಮಗಾ" ಎಂದರು ಅತ್ತೆ. ಅವಳ ಒಳ್ಳೆಯತನಕ್ಕೆ ನನಗೆ ಮೈಯೆಲ್ಲ ಉರಿಯಿತು. ನನಗೆ ಎಂಟು ವರ್ಷದಲ್ಲಿ ಒಮ್ಮೆಯೂ ಮಗಾ ಎಂದವರಲ್ಲ.

ಆ ಮಳೆಗಾಲದಲ್ಲಿ ಅವಳ ತಾಯಿ ತೀರಿಕೊಂಡ ಕಾಗದ ಬಂತು. ಶಿರಾಡಿಯಲ್ಲಿ ಗುಡ್ಡ ಜರಿದು ಬಸ್ಸು ನಿಂತಿತ್ತು, ಕಾಗದ ತಲುಪುವಾಗಲೇ ಹನ್ನೊಂದು ದಿನ ಕಳೆದಿತ್ತು. ಹೋಗಿ ಯಾರನ್ನು ನೋಡುವುದು? ಅವಳು ಅತ್ತದ್ದನ್ನು ನಾನು ಕಾಣಲಿಲ್ಲ. ತೊಟ್ಟಿಯ ಅಂಚಿನಲ್ಲಿ ಕೂತಿರುತ್ತಿದ್ದಳು ಅಷ್ಟೆ.

ಮರು ಬೇಸಿಗೆ, ನಾನು ನೀರು ಸೇದುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತಳು.

"ಅಕ್ಕ, ಈ ವರ್ಷ ಯಾವಾಗ ಒಣಗಿಸ್ತೀಯ?"

ಹಗ್ಗ ಕೈಜಾರಿ ಕೊಡ ಬಾವಿಗೆ ಬಿತ್ತು. ಅವಳ ಮುಖ ನೋಡಿದೆ. ಚುಚ್ಚು ಮಾತಾಗಿರಲಿಲ್ಲ ಅದು, ಬೇಡುತ್ತಿದ್ದಳು.

ಆವತ್ತೇ ಸಿಪ್ಪೆ ಕಿತ್ತೆ, ಅವಳೆದುರೇ. ನಾಲ್ಕು ದಿನ ಇಬ್ಬರೂ ಅತ್ತೆಯ ಕಣ್ಣು ತಪ್ಪಿಸಿ ದನಗಳನ್ನು ತೋಡಿಗೆ ಹೊಡೆದೆವು. ಐದನೇ ದಿನ ಅವಳು ತೊಟ್ಟಿಯೊಳಗೆ ಕೂತು ಒಂದೊಂದೇ ಸಣ್ಣ ಕಲ್ಲನ್ನು ಬಿರುಕಿಗೆ ಬಿಡುತ್ತಿದ್ದಾಗ ಅತ್ತೆ ಬಂದುಬಿಟ್ಟರು.

"ಯಾರದ್ದು ಈ ಕೆಲಸ?"

ಅವಳು ಬಾಯಿ ತೆರೆದಳು. ಈ ಸಲ ನಾನು ಬಿಡಲಿಲ್ಲ.

"ನಾನು. ಹೋದ ವರ್ಷವೂ ನಾನೇ" ಎಂದೆ.

ಅತ್ತೆ ಸಂಜೆಯವರೆಗೂ ಬೈದರು. ನನ್ನ ತವರನ್ನೂ ಬಿಡಲಿಲ್ಲ. ನಡುನಡುವೆ ಅವಳು "ಅತ್ತೆ, ನಾನೂ..." ಎಂದು ಬರುತ್ತಿದ್ದಳು, ನಾನು ಕಣ್ಣು ಬಿಟ್ಟು ಒಳಗೆ ಕಳಿಸುತ್ತಿದ್ದೆ. ಅಷ್ಟು ಬೈಗುಳದಲ್ಲಿ ಒಂದೇ ಒಂದು ಮಾತನ್ನೂ ನಾನು ಅವಳಿಗೆ ಬಿಟ್ಟುಕೊಡಲಿಲ್ಲ.