ಕಿಟಕಿಯಾಚೆ ನಿಂತವಳು

ಆ ವೃದ್ಧಾಶ್ರಮದಲ್ಲಿ ಎಲ್ಲರೂ ಅವಳನ್ನು ಗಂಟೆ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿನ ಹದಿನಾಲ್ಕು ಮಂದಿ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ಹಾಸಿಗೆ ಬದಲಿಸಿ, ಗುಳಿಗೆ ನುಂಗಿಸುತ್ತಿದ್ದವಳು. ಅರ್ಧಕ್ಕರ್ಧ ಜನಕ್ಕೆ ಕಿವಿ ಮಂದ. ಕೂಗಿ ಕೂಗಿ ಅವಳ ದನಿ ಅಡುಗೆಮನೆಯಿಂದ ಗೇಟಿನವರೆಗೆ ಮುಟ್ಟುವಂತಾಗಿತ್ತು. ವಾರಕ್ಕೊಮ್ಮೆಯಾದರೂ ಗಂಟಲು ಕಟ್ಟುತ್ತಿತ್ತು. ಉಪ್ಪುನೀರು ಮುಕ್ಕಳಿಸಿ ಮತ್ತೆ ಕೂಗಲು ನಿಲ್ಲುವಳು.

ಮೂಲೆಕೋಣೆಯ ಗಡಿಯಾರದಜ್ಜನಿಗೆ ಮಾತ್ರ ಕೂಗಿಯೂ ಪ್ರಯೋಜನವಿರಲಿಲ್ಲ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಅವರಿಗೆ ಈಗ ಕಿವಿ ಪೂರ್ತಿ ಹೋಗಿತ್ತು, ಕಣ್ಣು ಚುರುಕಾಗಿಯೇ ಇತ್ತು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

"ನೀನೆಷ್ಟು ಬಾಯಿ ಮಾಡಿದ್ರೂ ನನ್ನ ಪಾಲಿಗೆ ಮೌನಗೌರಿನೇ" ಎಂದು ಅಣಕಿಸುವರು.

"ನಿಮ್ಮ ಪುಣ್ಯ ಅಜ್ಜಾ. ಉಳಿದವರನ್ನ ಕೇಳಿ ನೋಡಿ" ಎನ್ನುವಳು ಗಂಟೆ.

ಸಾಂಕ್ರಾಮಿಕ ರೋಗ ಬಂದಾಗ ಗೇಟಿಗೆ ಬೀಗ ಬಿತ್ತು. ಮಕ್ಕಳು ಮೊಮ್ಮಕ್ಕಳು ಬರುವಂತಿರಲಿಲ್ಲ. ಔಷಧಿ ತರಲು ಹೊರಗೆ ಹೋಗುತ್ತಿದ್ದವಳು ಗಂಟೆ ಒಬ್ಬಳೇ. ಮಾಸ್ಕಿನ ವಿಷಯದಲ್ಲಿ ಅವಳು ಬಲು ಬಿಗಿ. "ಅದು ಗಡ್ಡಕ್ಕಲ್ಲ ಮಾರಾಯ, ಮೂಗಿಗೆ" ಎಂದು ಅಡುಗೆಯವನನ್ನು ದಿನಾ ಗದರುತ್ತಿದ್ದಳು. ಗಡಿಯಾರದಜ್ಜನ ಮುಂದೆ ಮಾತ್ರ ಅರ್ಧ ನಿಮಿಷ ತನ್ನದನ್ನು ಗಲ್ಲಕ್ಕೆ ಇಳಿಸುವಳು. ಇಲ್ಲದಿದ್ದರೆ ಯಾವ ಗುಳಿಗೆ ಯಾತಕ್ಕೆಂದು ಅವರಿಗೆ ತಿಳಿಯುವುದು ಹೇಗೆ?

ಒಂದು ಬೆಳಿಗ್ಗೆ ಅವಳ ಗಂಟಲು ಕೆರೆಯಿತು. ಯಾವತ್ತಿನದೇ ಎಂದುಕೊಂಡು ಉಪ್ಪುನೀರು ಮುಕ್ಕಳಿಸಿದಳು. ಅಜ್ಜನ ಎದುರು ಮಾಸ್ಕ್ ಇಳಿಸಿ, "ಸ್ನಾನಕ್ಕೆ ಏಳಿ" ಎಂದಳು. ಮರುದಿನ ಜ್ವರ ಬಂತು. ಪರೀಕ್ಷೆಯಲ್ಲಿ ಸೋಂಕು ಖಚಿತವಾಗಿ ಹಿತ್ತಲ ಉಗ್ರಾಣ ಸೇರಿದಳು. ನಾಲ್ಕನೆಯ ದಿನ ಅಜ್ಜನಿಗೆ ಕೆಮ್ಮು ಶುರುವಾಯಿತು.

ಅಜ್ಜನ ಕೋಣೆಗೆ ಹೋಗುತ್ತಿದ್ದವರೆಲ್ಲ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡವರು. ಯಾರು ಯಾರೆಂದು ತಿಳಿಯದೆ ಅವರು ಚಮಚವನ್ನು ತಳ್ಳಿಬಿಡುತ್ತಿದ್ದರು.

"ಎರಡು ದಿನದಿಂದ ಏನೂ ಮುಟ್ಟಿಲ್ಲ ಕಣಮ್ಮ. ಚೀಟಿ ಬರೆದು ತೋರಿಸಿದ್ರೂ ಮುಖ ತಿರುಗಿಸ್ತಾರೆ" ಎಂದು ಮೇಲ್ವಿಚಾರಕರು ಉಗ್ರಾಣಕ್ಕೆ ಫೋನ್ ಮಾಡಿದರು.

ಗಂಟೆ ಹಿಂಬಾಗಿಲಿನಿಂದ ಹೊರಬಿದ್ದು, ಯಾರೂ ಇಲ್ಲದ ತೋಟವನ್ನು ಸುತ್ತಿ ಅಜ್ಜನ ಕಿಟಕಿಗೆ ಬಂದಳು. ಗಾಜು ಮುಚ್ಚಿತ್ತು. ಮಾಸ್ಕ್ ತೆಗೆದು ಕೈ ಬೀಸಿದಳು. ಅಜ್ಜ ತಿರುಗಿ ನೋಡಿದರು.

"ನಾನೇ, ಗಂಟೆ. ಬಾಯಿ ತೆಗೀರಿ."

ಒಳಗಿದ್ದವರು ಹಿಡಿದ ಚಮಚದಿಂದ ಅಜ್ಜ ನಾಲ್ಕು ಗುಟುಕು ಗಂಜಿ ಕುಡಿದರು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಬೈದರು.

ನಾಲ್ಕು ದಿನ, ಬೆಳಿಗ್ಗೆ ಸಂಜೆ, ಅವಳು ಹಾಗೆ ನಿಂತಳು. ಐದನೆಯ ಬೆಳಿಗ್ಗೆ ಕಿಟಕಿಗೆ ಪರದೆ ಎಳೆದಿತ್ತು. ಅಜ್ಜ ತೀರಿಕೊಂಡು ಒಂದು ಗಂಟೆಯಾಗಿತ್ತು.

"ಅವರಿಗೆ ನನ್ನಿಂದಲೇ ಬಂತಾ, ಡಾಕ್ಟ್ರೇ?" ಎಂದು ಆಮೇಲೆ ಕೇಳಿದಳು.

ಡಾಕ್ಟರು ಸುಳ್ಳು ಹೇಳುವವರ ಪೈಕಿಯಲ್ಲ. "ಇರಬಹುದಮ್ಮ" ಎಂದರು.

ಅವಳು ತಲೆಯಾಡಿಸಿದಳು. ಉಳಿದ ಹದಿಮೂರು ಜನರಲ್ಲಿ ಯಾರಿಗೂ ಸೋಂಕು ತಗಲಿರಲಿಲ್ಲ. ಅವರ್ಯಾರ ಮುಂದೆಯೂ ಅವಳು ಮಾಸ್ಕ್ ಇಳಿಸಿರಲಿಲ್ಲ.

ಅವಳು ಕೆಲಸ ಬಿಡಬಹುದೆಂದು ಮೇಲ್ವಿಚಾರಕರು ಅಂದುಕೊಂಡಿದ್ದರು. ವೈದ್ಯರು ಒಪ್ಪಿಗೆ ಕೊಟ್ಟ ದಿನವೇ ಬಕೆಟ್ ಹಿಡಿದು ಬಂದಳು. ಅಜ್ಜನ ಪಕ್ಕದ ಕೋಣೆಯ ಅಜ್ಜಿಗೂ ಕಿವಿ ಅಷ್ಟಕ್ಕಷ್ಟೇ. ಆಕೆ ತನ್ನ ಗಲ್ಲ ತಟ್ಟಿಕೊಂಡು, "ಅದನ್ನ ಸ್ವಲ್ಪ ಇಳಿಸೇ. ನೀನೇನಂತೀಯೋ ಒಂದೂ ತಿಳೀತಿಲ್ಲ" ಎಂದರು.

ಗಂಟೆ ಬಕೆಟ್ ಕೆಳಗಿಟ್ಟಳು. ಕೋಣೆಯ ಕಿಟಕಿ ಮುಚ್ಚಿ, ಹೊರಗೆ ಹೋಗಿ, ತೋಟ ಸುತ್ತಿ ಬಂದು ಗಾಜಿನಾಚೆ ನಿಂತಳು. ಮಾಸ್ಕ್ ತೆಗೆದು, ಕೂಗದೆ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು:

"ನೀರು ಬಿಸಿ ಇರಲಾ, ಉಗುರುಬೆಚ್ಚಗೆ ಸಾಕಾ?"